ಕಣ್ಣಿಗೆಟುಕದ ಚೆಲುವು ಯಾರಿಗಾಗಿ?



ಸೌಂದರ್ಯಮೀಮಾಂಸೆಯನ್ನು ಕುರಿತ ಈ ವಿಚಾರ ಸಂಕಿರಣಕ್ಕೆ ಆಶಯದ ಮಾತಾಡಲು ಕರೆದಿದ್ದೀರಿ. ಬಹುಕಾಲದಿಂದ ಹೇಳುತ್ತ ಬಂದಿರುವುದನ್ನೇ ಇಲ್ಲೂ ಹೇಳುತ್ತೇನೆ. ಚೆಲುವಿನ ಬಗ್ಗೆ ನಾವು ಆಳವಾಗಿ ಯೋಚಿಸಿದ್ದು ಓದುವವರ ಕಡೆಯಿಂದ. ನೋಡುವವರ ಕಡೆಯಿಂದ ಯೋಚಿಸಿದ್ದು ತೀರ ಕಡಿಮೆ.

ಆನಂದವರ್ಧನ, ಅಭಿನವಗುಪ್ತರ ವಿಚಾರಗಳನ್ನು ತೀ.ನಂ. ಶ್ರೀಕಂಠಯ್ಯನವರು ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ತಿಳಿಗನ್ನಡಕ್ಕೆ ತಂದರು. ಎಂ. ಹಿರಿಯಣ್ಣನವರು ಕಲಾನುಭವವನ್ನು ತತ್ತ್ವಶಾಸ್ತ್ರದ ಪ್ರಶ್ನೆಯಾಗಿ ಎತ್ತಿಕೊಂಡರು. ಆ ದಾರಿಯಲ್ಲಿ ದುಡಿದ ಅನೇಕರು ಈ ಸಭೆಯಲ್ಲೇ ಇದ್ದೀರಿ; ನಿಮ್ಮ ಕೆಲಸವನ್ನು ನಿಮ್ಮೆದುರು ನಾನು ವಿವರಿಸಬೇಕಿಲ್ಲ. ನಾವು ದಾರಿ ತಪ್ಪಿದ್ದು ಆಮೇಲೆ. ನಾಟಕ, ಕಾವ್ಯಗಳಿಗಾಗಿ ಹುಟ್ಟಿದ ರಸ, ಧ್ವನಿಗಳನ್ನು ಇದ್ದ ಹಾಗೆಯೇ ಕಲ್ಲಿನ ಮೇಲೆ ಹೊರಿಸಿದೆವು. ಬೇಲೂರಿನ ಗುಡಿಯ ಮದನಿಕೆಗೆ ಶೃಂಗಾರ ಎಂದು ಚೀಟಿ ಅಂಟಿಸಿಬಿಟ್ಟರೆ ಅವಳನ್ನು ನೋಡಿದ ಹಾಗಾಯಿತೇ?

ಅದೂ ನಾವು ಬರೆಯುವುದು ಹೆಚ್ಚಾಗಿ ಛಾಯಾಚಿತ್ರ ನೋಡಿ. ಪುಸ್ತಕದ ಪುಟದಲ್ಲಿ ದರ್ಪಣಸುಂದರಿ ನಮ್ಮ ಕಣ್ಣಿನ ಮಟ್ಟಕ್ಕೆ ಇಳಿದು ನಿಲ್ಲುತ್ತಾಳೆ. ಗುಡಿಯಲ್ಲಿ ಹಾಗಲ್ಲ. ಅಲ್ಲಿ ಮದನಿಕೆಯರು ಸೂರಿನ ಕೆಳಗೆ, ಮುಂದಕ್ಕೆ ಬಾಗಿ, ನಮ್ಮ ತಲೆಗಿಂತ ಎಷ್ಟೋ ಮೇಲಿದ್ದಾರೆ. ಜಗತಿಯ ಮೇಲೆ ಸುತ್ತು ಬರುವಾಗ ಒಬ್ಬಳು ಮರೆಯಾಗಿ ಮತ್ತೊಬ್ಬಳು ಕಾಣಿಸುತ್ತಾಳೆ. ಬಿಸಿಲೇರಿದಂತೆ ಹಾಸುಗಲ್ಲಿನಿಂದ ಪುಟಿದ ಬೆಳಕು ಗಲ್ಲದ ಅಡಿಯಿಂದ ಮುಖಕ್ಕೆ ಬೀಳುತ್ತದೆ. ಬೆಳಿಗ್ಗೆ ನಗುತ್ತಿದ್ದವಳು ಮಧ್ಯಾಹ್ನ ಯೋಚನೆಯಲ್ಲಿ ಮುಳುಗಿದಂತೆ ಕಾಣುತ್ತಾಳೆ. ಯಾವ ಹೊತ್ತಿನ ಮುಖವನ್ನು ಯಾವ ರಸಕ್ಕೆ ಸೇರಿಸೋಣ?

ನನ್ನನ್ನು ಬಿಡದೆ ಕಾಡುವ ಪ್ರಶ್ನೆ ಹುಟ್ಟಿದ್ದು ಅಲ್ಲೇ. ಒಬ್ಬ ಮದನಿಕೆಯ ಮೇಲಿನ ಬಳ್ಳಿಯ ಚಪ್ಪರದಲ್ಲಿ ನೊಣವೊಂದನ್ನು ಹಿಡಿಯಲು ಹೊಂಚುವ ಹಲ್ಲಿಯನ್ನು ಕೆತ್ತಿದ್ದಾರೆ. ಗೈಡು ಬೆರಳು ತೋರಿಸದಿದ್ದರೆ ಅದು ಎಷ್ಟು ಮಂದಿಗೆ ಕಂಡೀತು? ಬಳಪದ ಕಲ್ಲು ಗಣಿಯಿಂದ ಬಂದಾಗ ಮೆತ್ತಗಿರುತ್ತದೆ, ಆದ್ದರಿಂದ ಕೆತ್ತಿದರು ಎನ್ನುತ್ತಾರೆ. ಹೇಗೆ ಸಾಧ್ಯವಾಯಿತು ಎಂಬುದಕ್ಕೆ ಅದು ಉತ್ತರ, ಏಕೆ ಎಂಬುದಕ್ಕಲ್ಲ. ದೇವರು ನೋಡಲಿ ಎಂದು ಎನ್ನುವವರಿದ್ದಾರೆ. ಶಾಸನ ಬಲ್ಲ ಗೆಳೆಯರೊಬ್ಬರು, ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ, ಬೇರೆ ಮಾತು ಹೇಳುತ್ತಾರೆ. ರೂವಾರಿಗಳಾದ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಕಲ್ಲಿನ ಮೇಲೆ ಹೆಸರು ಕೆತ್ತಿಕೊಂಡವರು. ಆದ್ದರಿಂದ ಒಬ್ಬ ರೂವಾರಿ ಇನ್ನೊಬ್ಬ ರೂವಾರಿಯ ಕಣ್ಣಿಗಾಗಿ ಕೆತ್ತಿದ ಎನ್ನುತ್ತಾರೆ. ಎರಡೂ ತೂಕದ ಮಾತುಗಳೇ. ಆದರೆ ಬರಿಗಾಲಲ್ಲಿ ಸುತ್ತು ಬರುವ ಸಾಮಾನ್ಯ ಭಕ್ತರಿಗೆ ಎರಡರಲ್ಲೂ ಜಾಗವಿಲ್ಲ.

ಒಮ್ಮೆ ಹಳೇಬೀಡಿನ ಗುಡಿಯಲ್ಲಿ ಸುತ್ತಲಿನ ಹಳ್ಳಿಯ ಅಜ್ಜಿಯೊಬ್ಬರನ್ನು ಕಂಡೆ. ಮೇಲಿನ ಸಾಲುಗಳತ್ತ ಅವರು ಕಣ್ಣೆತ್ತಲೇ ಇಲ್ಲ. ತಳದ ಆನೆಯ ಸಾಲನ್ನು ಬೆರಳಲ್ಲಿ ಸವರಿಕೊಂಡು ಗೋಡೆಯುದ್ದಕ್ಕೂ ನಡೆದರು. “ಏನು ನೋಡಿದಿರಿ, ಅಜ್ಜಿ?” ಎಂದೆ. “ಎಲ್ಲಾ ನೋಡ್ದೆ ಕಣಪ್ಪ, ಒಂದರಂಗೆ ಒಂದಿಲ್ಲ” ಅಂದರು. ನಮ್ಮ ಯಾವ ಸಿದ್ಧಾಂತವೂ ಆ ಬೆರಳುಗಳನ್ನು ಸಹೃದಯರ ಸಾಲಿಗೆ ಸೇರಿಸಿಲ್ಲ. ಇದು ನನಗೆ ನಿಜವಾಗಿ ನೋವು ತರುವ ಸಂಗತಿ.

ಪ್ರಶ್ನೆಗೆ ಇನ್ನೊಂದು ತೊಡಕಿದೆ. ಬೇಲೂರಿನ ಒಳಗಿನ ಕತ್ತಲೆ ರೂವಾರಿಗಳು ಬಯಸಿದ್ದೆಂದು ನಮ್ಮಲ್ಲಿ ಹಲವರು ಬರೆದಿದ್ದಾರೆ. ಆದರೆ ಹೊಯ್ಸಳ ದೊರೆ ವಿಷ್ಣುವರ್ಧನ 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದಾಗ ನವರಂಗ ತೆರೆದೇ ಇತ್ತು. ಬೆಳಕು ತಡೆಯುವ ಕಲ್ಲಿನ ಜಾಲಂಧ್ರಗಳು ಬಂದದ್ದು ಎರಡನೆಯ ಬಲ್ಲಾಳನ ಕಾಲದಲ್ಲಿ. ಅಂದರೆ ಬೆಳಕಿಗಾಗಿ ಕಡೆದ ಚಾವಣಿಯ ಭುವನೇಶ್ವರಿ, ಒಳಗಿನ ನಾಲ್ವರು ಮದನಿಕೆಯರು ಎರಡು ತಲೆಮಾರು ಕಳೆದ ಮೇಲೆ ಮಬ್ಬಿಗೆ ಸರಿದರು. ಆ ಬದಲಾವಣೆಯನ್ನು ಆಗಿನವರು ನಷ್ಟವೆಂದುಕೊಂಡರೋ, ಗುಡಿಗೆ ಕಳೆ ಬಂತೆಂದುಕೊಂಡರೋ?

ನಾಳೆ ಎಂಟು ಪ್ರಬಂಧಗಳು ಶಿಲ್ಪದ ಮೇಲಿವೆ. ಮಂಡಿಸುವವರಲ್ಲಿ ನನ್ನ ಕೋರಿಕೆ ಇಷ್ಟೇ: ಯಾವ ಮೂರ್ತಿಯ ಬಗ್ಗೆ ಮಾತಾಡಿದರೂ ಅದು ನೆಲದಿಂದ ಎಷ್ಟು ಎತ್ತರದಲ್ಲಿದೆ, ಯಾವ ದಿಕ್ಕಿಗಿದೆ, ನೀವು ಯಾವ ಹೊತ್ತಿನಲ್ಲಿ ಎಲ್ಲಿ ನಿಂತು ನೋಡಿದಿರಿ ಎಂಬುದನ್ನು ಮೊದಲು ಹೇಳಿ. ಹಲ್ಲಿಯ ಪ್ರಶ್ನೆಯನ್ನು ಶಾಸನ ಬಲ್ಲ ಗೆಳೆಯರಿಗೇ ಒಪ್ಪಿಸುತ್ತೇನೆ; ಮಧ್ಯಾಹ್ನದ ಗೋಷ್ಠಿಯಲ್ಲಿ ಅವರ ಉತ್ತರಕ್ಕೆ ಕಾದಿರುತ್ತೇನೆ.