ಕರಿದಾದದ್ದೆಲ್ಲ ರೇವನ್ ಅಲ್ಲ



ಕಾಗೆಯ ಮೇಲೂ ಒಂದು ಭಾಷಣವೆ ಎಂದು ನಗು ಬರುವುದು ಸಹಜ. ಇದೇ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಬಾತುಗಳನ್ನು ನೋಡಲು ಜನ ದುರ್ಬೀನು ಹಿಡಿದು ಬರುತ್ತಾರೆ. ಕಾಗೆಗೆ ಆ ಭಾಗ್ಯವಿಲ್ಲ. ದಿನವೂ ಮಾಳಿಗೆಯ ಮೇಲೆ ಬಂದು ಕೂಡುವುದನ್ನು ಯಾರು ನೋಡುತ್ತಾರೆ?

ಆದರೆ ಒಂದು ತೊಡಕಿದೆ. ಇಂಗ್ಲಿಷ್ ಪುಸ್ತಕದಲ್ಲಿ ‘ಕ್ರೋ’ ಬರುತ್ತದೆ, ‘ರೇವನ್’ ಕೂಡ ಬರುತ್ತದೆ. ಕನ್ನಡದಲ್ಲಿ ಅರ್ಥ ಕೇಳಿದರೆ ಎರಡಕ್ಕೂ ಕಾಗೆ ಎಂದೇ ಉತ್ತರ. ಹೊಲದ ಬದುವಿನ ಜಾಲಿಯ ಮೇಲೆ ಕೊರಳೂ ಕರಿ, ಎದೆಯೂ ಕರಿ, ಕೊಕ್ಕು ದಪ್ಪ ಇರುವ ಒಂದು ದೊಡ್ಡ ಕಾಗೆ ಕೂತಿರುತ್ತದೆ. ಓದಿದ ಹುಡುಗರು ಅದೇ ರೇವನ್ ಇರಬೇಕೆಂದು ತೀರ್ಮಾನಿಸಿಬಿಡುತ್ತಾರೆ. ಅದು ರೇವನ್ ಅಲ್ಲ. ರೇವನ್ನಿನ ನೆಲೆ ಚಿಕ್ಕನರಗುಂದವೂ ಅಲ್ಲ, ಕರ್ನಾಟಕವೂ ಅಲ್ಲ. ಇಲ್ಲಿ ಅದನ್ನು ಕಂಡೆನೆಂದು ಹೇಳಿದರೆ ಕನ್ನಡದಲ್ಲಿ ಅದಕ್ಕೊಂದು ಒಳ್ಳೆಯ ಮಾತೇ ಇದೆ: ಕಾಗೆ ಹಾರಿಸುವುದು!

ಭಾರತದಲ್ಲಿ ರೇವನ್ ಇಲ್ಲವೆಂದಲ್ಲ. ಪಂಜಾಬ್, ರಾಜಸ್ತಾನದ ಮರಳುಗಾಡು, ಲಡಾಖ್ ಮುಂತಾದ ಎತ್ತರದ ಹಿಮಾಲಯ ಪ್ರದೇಶಗಳಲ್ಲಿದೆ. ಸಂಸ್ಕೃತದವರು ಇದನ್ನು ಬಲ್ಲವರೇ. ಅಮರಕೋಶವು ಸಾಮಾನ್ಯ ಕಾಗೆಗೆ ಹತ್ತಾರು ಹೆಸರು ಕೊಟ್ಟ ಮೇಲೆ ದ್ರೋಣಕಾಕ, ಕಾಕೋಲ ಎಂಬ ಹಕ್ಕಿಯನ್ನು ಬೇರೆಯಾಗಿ ಹೇಳುತ್ತದೆ. ಅದನ್ನು ರೇವನ್ ಎಂದು ನಿಘಂಟುಕಾರರು ಅರ್ಥ ಮಾಡಿದ್ದಾರೆ. ಕನ್ನಡ ನಾಡಿನಲ್ಲಿ ಹಕ್ಕಿಯೇ ಇರದಿದ್ದಾಗ ಬಳಕೆಯ ಹೆಸರು ಎಲ್ಲಿಂದ ಬರಬೇಕು? ಹೀಗಾಗಿ ಕನ್ನಡ ಬೈಬಲಿನಲ್ಲಿ ನೋಹನ ನಾವೆಯಿಂದ ಹಾರಿಹೋದದ್ದು ಕಾಗೆ, ಇಂಗ್ಲಿಷಿನಲ್ಲಿ ರೇವನ್. ಎಡ್ಗರ್ ಅಲನ್ ಪೋ 1845ರಲ್ಲಿ ಪ್ರಕಟಿಸಿದ ಹೆಸರಾಂತ ಕವಿತೆಯ ಹಕ್ಕಿಯೂ ರೇವನ್ನೇ. ಅದನ್ನು ಕಾಗೆ ಎಂದು ಕರೆದ ಕೂಡಲೇ ಭಯವೆಲ್ಲ ಇಳಿದುಹೋಗುತ್ತದೆ. ಯುರೋಪಿನ ಕಥೆಗಳಲ್ಲಿ ರೇವನ್ ರಣರಂಗದ, ಗಲ್ಲುಗಂಬದ ಹಕ್ಕಿ. ಇಲ್ಲಿಯ ಕಾಗೆ ಗುಬ್ಬಕ್ಕನ ನೆರೆಮನೆಯ ಕಾಗಕ್ಕ.

ಗುರುತು ಹಿಡಿಯುವುದು ಕಷ್ಟವಲ್ಲ. ರೇವನ್ ಎಂದರೆ ಹೆಚ್ಚುಕಡಿಮೆ ಹದ್ದಿನಷ್ಟು ದೊಡ್ಡದು. ಉದ್ದ 60 ಸೆಂಟಿಮೀಟರಿನ ಆಚೀಚೆ, ತೂಕ ಸಾಮಾನ್ಯವಾಗಿ ಒಂದು ಕಿಲೋ ಮೇಲೆ. ಗಂಟಲ ಕೆಳಗೆ ಗಡ್ಡದಂತೆ ಕೆದರಿದ ಗರಿಗಳು. ಹಾರುವಾಗ ಬಾಲದ ತುದಿ ಬೆಣೆಯಂತೆ ನಡುವೆ ಚೂಪಾಗಿ ಕಾಣುತ್ತದೆ, ಕಾಗೆಯದು ದುಂಡಗೆ. ರೆಕ್ಕೆ ಬಡಿಯದೆ ಹದ್ದಿನಂತೆ ತೇಲುವುದು ರೇವನ್ನಿಗೆ ರೂಢಿ. ಕೂಗು ಕಾ ಕಾ ಅಲ್ಲ, ಗಂಟಲಾಳದಿಂದ ಬರುವ ಗೊಗ್ಗರು ದನಿ.

ಹಾಗಾದರೆ ಜಾಲಿಯ ಮೇಲೆ ಕೂತದ್ದು ಯಾವುದು? ಕಾಡುಕಾಗೆ. ಚಿಕ್ಕನರಗುಂದದಲ್ಲಿ ಬೇರೆ ಮಾಡಿ ನೋಡಬೇಕಾದದ್ದು ರೇವನ್ನನ್ನು ಮತ್ತು ಕಾಗೆಯನ್ನಲ್ಲ, ಈ ಎರಡು ಕಾಗೆಗಳನ್ನು. ಊರ ಕಾಗೆ ಸುಮಾರು 40 ಸೆಂಟಿಮೀಟರು. ನೆತ್ತಿ, ಗಂಟಲು, ರೆಕ್ಕೆ, ಬಾಲ ಕರಿ. ಕೊರಳು ಮತ್ತು ಎದೆ ಮಾತ್ರ ಬೂದಿ ಬಳಿದಂತೆ. ಕಾಡುಕಾಗೆ ಅದಕ್ಕಿಂತ ಒಂದು ಗೇಣಿಗೆ ಕಡಿಮೆ ದೊಡ್ಡದು, ಮೈಯೆಲ್ಲ ಕರಿ. ಕೊಕ್ಕು ದಪ್ಪ, ಮೇಲೆ ಕಮಾನಿನಂತೆ ಬಾಗಿದ್ದು. ರೇವನ್ ಎಂಬ ಭ್ರಮೆ ಹುಟ್ಟಿಸುವುದು ಈ ಕೊಕ್ಕೇ. ಬಿಸಿಲಿಗೆ ಎದುರಾಗಿ ನೋಡಿದರೆ, ಇಲ್ಲವೆ ಮಳೆಯಲ್ಲಿ ಹಕ್ಕಿ ತೊಯ್ದಿದ್ದರೆ, ಕೊರಳಿನ ಬೂದು ಕಾಣುವುದಿಲ್ಲ. ಆಗ ಕಿವಿಯನ್ನು ನಂಬಬೇಕು. ಊರ ಕಾಗೆಯ ದನಿ ತೆಳು, ಕಾಡುಕಾಗೆಯದು ಒರಟು, ಭಾರ.

ನಡತೆಯಲ್ಲಿಯೂ ವ್ಯತ್ಯಾಸವಿದೆ. ಊರ ಕಾಗೆ ಮನುಷ್ಯರನ್ನು ಬಿಟ್ಟು ಬಾಳುವುದಿಲ್ಲ. ಸಂತೆ, ಖಾನಾವಳಿ, ಬಸ್ ನಿಲ್ದಾಣ, ತಿಪ್ಪೆ, ಇವೇ ಅದರ ಸೀಮೆ. ಒಂದಕ್ಕೆ ತುತ್ತು ಸಿಕ್ಕರೆ ಹತ್ತು ಸೇರುತ್ತವೆ. ಅಗುಳು ಕಂಡು ಬಳಗ ಕರೆಯುವ ಈ ಗುಣವನ್ನು ಬಸವಣ್ಣನವರು ವಚನದಲ್ಲಿ ದೃಷ್ಟಾಂತವಾಗಿ ತಂದದ್ದು ಎಲ್ಲರಿಗೂ ಗೊತ್ತು. ಕಾಡುಕಾಗೆ ಹೆಚ್ಚಾಗಿ ಒಂಟಿ, ಇಲ್ಲವೆ ಜೋಡಿ. ಎರೆ ಹೊಲದಲ್ಲಿ ಕುಂಟೆಯ ಹಿಂದೆ ಹುಳು ಹೆಕ್ಕುತ್ತದೆ, ಸತ್ತ ದನದ ಹತ್ತಿರ ಕಾಣುತ್ತದೆ. ಗೂಡಿನ ಕಾಲವೂ ಬೇರೆ: ದಕ್ಷಿಣದಲ್ಲಿ ಕಾಡುಕಾಗೆ ಬಹುಮಟ್ಟಿಗೆ ಡಿಸೆಂಬರಿನಿಂದ ಏಪ್ರಿಲಿನೊಳಗೆ ಗೂಡು ಕಟ್ಟಿದರೆ, ಊರ ಕಾಗೆ ಬೇಸಿಗೆ ಏರಿದ ಮೇಲೆ, ಮುಂಗಾರಿನ ಮುಂಚೆ ಕಟ್ಟುತ್ತದೆ. ಕೋಗಿಲೆ ಕಾದಿರುವುದು ಹೆಚ್ಚಾಗಿ ಈ ಎರಡನೆಯ ಗೂಡಿಗೆ. ಅಮರಕೋಶದ ಒಂದು ಚಮತ್ಕಾರ ನೋಡಿ: ಅದರಲ್ಲಿ ಕಾಗೆ ಪರಭೃತ್, ಕೋಗಿಲೆ ಪರಭೃತ. ಪರರನ್ನು ಸಾಕುವವನು, ಪರರಿಂದ ಸಾಕಿಸಿಕೊಂಡವನು. ಇಷ್ಟು ದೊಡ್ಡ ಅನ್ಯಾಯ ಕೊನೆಯ ಒಂದೇ ಸ್ವರದಲ್ಲಿ ಮುಗಿದಿದೆ.

ಹೆಸರು ಯಾವುದಾದರೇನು ಎಂದು ಕೇಳಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಐದನೆಯ ಅನುಸೂಚಿಯಲ್ಲಿ ಪೀಡೆಯ ಪ್ರಾಣಿಗಳ ಪಟ್ಟಿಯಿತ್ತು. ಇಲಿ, ಹೆಗ್ಗಣ, ಹಣ್ಣು ತಿನ್ನುವ ಬಾವಲಿಗಳ ಜೊತೆ ‘ಸಾಮಾನ್ಯ ಕಾಗೆ’ಯೂ ಅಲ್ಲಿತ್ತು. ಅದನ್ನು ಕೊಂದರೆ ಅಪರಾಧವಿರಲಿಲ್ಲ. ಆ ಮಾತಿನಿಂದ ಊರ ಕಾಗೆಯನ್ನು ತಿಳಿಯಬೇಕೆಂದು ಪಕ್ಷಿಶಾಸ್ತ್ರದವರಿಗೆ ಗೊತ್ತು. ಗೋವಿನಜೋಳದ ತೆನೆ ಕುಕ್ಕಿದ ಸಿಟ್ಟಿಗೆ ಕಾಳಿಗೆ ವಿಷ ಬೆರೆಸುವ ಕೈಗೆ ಗೊತ್ತೆ? ವಿಷವಂತೂ ಕೊರಳ ಬಣ್ಣ ನೋಡಿ ಕೊಲ್ಲುವುದಿಲ್ಲ. 2022ರ ತಿದ್ದುಪಡಿ ಆ ಅನುಸೂಚಿಯನ್ನೇ ತೆಗೆದುಹಾಕಿತು, 2023ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂದಿದೆ. ಈಗ ಒಂದು ಪ್ರಾಣಿಯನ್ನು ಪೀಡೆಯೆನ್ನಬೇಕಾದರೆ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಬೇಕು. ಐವತ್ತು ವರ್ಷ ಕಾಗೆ ಪೀಡೆಯ ಪಟ್ಟಿಯಲ್ಲಿತ್ತು ಎಂಬುದು, ಅದಕ್ಕೆ ಎಡೆ ಇಟ್ಟು ಕಾಯುವ ಎಷ್ಟೋ ಮನೆಗಳಿಗೆ ತಿಳಿದೇ ಇರಲಿಲ್ಲ.

ಕಡಲಾಚೆಯ ಸ್ಥಿತಿ ಬೇರೆ. ಇದೇ ಬೂದುಕೊರಳಿನ ಕಾಗೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಆಫ್ರಿಕದ ಪೂರ್ವ ಕರಾವಳಿ ಸೇರಿತು. ಅಲ್ಲಿಯ ಸಣ್ಣ ಹಕ್ಕಿಗಳ ಮೊಟ್ಟೆ ಮರಿಗಳನ್ನು ಬಿಡದೆ ತಿಂದು ಬೆಳೆಯಿತು. 2024ರಲ್ಲಿ ಕೀನ್ಯಾದ ವನ್ಯಜೀವಿ ಇಲಾಖೆ ಹತ್ತು ಲಕ್ಷ ಭಾರತೀಯ ಕಾಗೆಗಳನ್ನು ನಾಶಮಾಡುವ ಯೋಜನೆ ಪ್ರಕಟಿಸಿತು. ಅಲ್ಲಿಗೆ ಸಹಜವಾದ ಬಿಳಿ ಎದೆಯ ಕಾಗೆಯೊಂದಿದೆ. ಅದು ಉಳಿಯಬೇಕು, ಇದು ಹೋಗಬೇಕು. ಕೊರಳ ಬಣ್ಣದ ಮೇಲೆ ಜೀವ ನಿಂತಿದೆ.

ಮತ್ತೆ ಎಡೆಯ ಮಾತು. ತಿಥಿಯ ದಿನ ಕಾಗೆ ಮುಟ್ಟದಿದ್ದರೆ ಸತ್ತವರ ಆಸೆ ಏನೋ ಉಳಿದಿದೆ ಎಂದು ಮನೆಯವರು ಮರುಗುತ್ತಾರೆ. ಬರಬೇಕಾದ ಕಾಗೆಗೆ ರಾತ್ರಿ ಕೂಡಲು ದೊಡ್ಡ ಬೇವು, ಹುಣಸೆ, ಆಲ ಬೇಕು. ಊರ ಕಾಗೆಗಳು ಸಂಜೆ ಗುಂಪಾಗಿ ಒಂದೇ ಕಡೆ ಸೇರುತ್ತವೆ. ಆ ಮರ ಕಡಿದ ಊರಿನಲ್ಲಿ ಎಡೆಯ ಮುಂದೆ ಕಾಯುವುದು ಹೆಚ್ಚು ಹೊತ್ತು ಆದೀತು. ಮಕ್ಕಳು ಇಂದು ಸಂಜೆ ಐದೂವರೆಗೆ ಹೊರಗೆ ನಿಂತು ಕಾಗೆಗಳು ಯಾವ ದಿಕ್ಕಿಗೆ ಹೋಗುತ್ತವೆ ಎಂದು ನೋಡಲಿ. ಬೂದು ಕೊರಳಿನವು ಎಷ್ಟು, ಅಪ್ಪಟ ಕರಿಯವು ಎಷ್ಟು ಎಂದು ಎಣಿಸಿ ನಾಳೆ ಶಾಲೆಯ ಹಲಗೆಯ ಮೇಲೆ ಬರೆಯಲಿ. ರೇವನ್ ಎಂಬ ಕಾಲಮ್ಮು ಬೇಡ.