ಗೋಸುಂಬೆಗೆ ಗಿಡವೇ ಮನೆ



ರಾಯಚೂರು, ದೇವದುರ್ಗ, ಮಾನ್ವಿ ಕಡೆಯ ಬೇವಿನ ಮರದಲ್ಲೋ ಜಾಲಿಯ ಪೊದೆಯಲ್ಲೋ ಹಸಿರು ಬಣ್ಣದ ಪ್ರಾಣಿಯೊಂದು ತೂಗುತ್ತ, ತಡೆಯುತ್ತ ಹೆಜ್ಜೆಯಿಡುವುದನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರಬಹುದು. ಅದೇ ಗೋಸುಂಬೆ, ಊಸರವಳ್ಳಿ ಎಂದೂ ಕರೆಯುತ್ತಾರೆ. ಬೇಲಿಯ ಮೇಲೆ ತಲೆ ಆಡಿಸುತ್ತ ಕೂತು, ಹತ್ತಿರ ಹೋದರೆ ಸರ್‍ರನೆ ಓಡುವ ಓತಿಕ್ಯಾತ ಬೇರೆ. ಗೋಸುಂಬೆಯ ಬಾಲ ಸುರುಳಿ ಸುತ್ತುತ್ತದೆ. ಎರಡು ಕಣ್ಣುಗಳು ಏಕಕಾಲಕ್ಕೆ ಎರಡು ದಿಕ್ಕು ನೋಡುತ್ತವೆ. ದೂರದರ್ಶನದ ಚಿತ್ರದಲ್ಲಿ ಸೆಕೆಂಡಿಗೆ 25 ಚೌಕಟ್ಟುಗಳಿರುತ್ತವೆ. ಗೋಸುಂಬೆಯ ನಾಲಿಗೆ ಹುಳುವನ್ನು ಮುಟ್ಟುವುದು ಅವುಗಳಲ್ಲಿ ಎರಡು ಮೂರರೊಳಗೇ ಮುಗಿದುಹೋಗುತ್ತದೆ!

ಇಂಥ ವಿಚಿತ್ರ ಜೀವಿಯನ್ನು ಹಿಡಿದು ತಂದು ಮನೆಯಲ್ಲಿ ಸಾಕಬಾರದೇಕೆ ಎಂದು ನೀವು ಕೇಳಬಹುದು. ಸಾಕಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ನಮ್ಮ ದೇಶದ ಗೋಸುಂಬೆಯನ್ನು ಹಿಡಿಯುವುದು, ಸಾಕುವುದು, ಮಾರುವುದು ಅಪರಾಧ. ಆದರೆ ಕಾನೂನಿನ ಹೆದರಿಕೆಯಷ್ಟೇ ಸಾಲದು. ಅದರ ಹಿಂದಿರುವ ವಿಜ್ಞಾನವನ್ನೂ ನೀವು ತಿಳಿಯಬೇಕು.

ಗೋಸುಂಬೆಯ ಪಾದ ನೋಡಿ. ಬೆರಳುಗಳು ಎರಡು, ಮೂರಾಗಿ ಕೂಡಿಕೊಂಡು ಇಕ್ಕಳದಂತಾಗಿವೆ. ಕೊಂಬೆ ಹಿಡಿಯಲೆಂದೇ ಆದ ಪಾದವಿದು. ಪೆಟ್ಟಿಗೆಯ ಸಪಾಟು ನೆಲ ಇದಕ್ಕೆ ಒಗ್ಗದು. ಬಟ್ಟಲಿನಲ್ಲಿ ನಿಂತ ನೀರನ್ನು ಸಾಮಾನ್ಯವಾಗಿ ಅದು ಮುಟ್ಟುವುದಿಲ್ಲ. ಎಲೆಯ ಮೇಲಿನ ಇಬ್ಬನಿ, ಮಳೆಹನಿಯನ್ನೇ ನೆಕ್ಕುತ್ತದೆ. ಮೂಳೆ ಗಟ್ಟಿಯಾಗಲು ಬಿಸಿಲಿನ ನೇರಳಾತೀತ ಕಿರಣ ಮೈಗೆ ತಾಗಬೇಕು. ಗಾಜು ಆ ಕಿರಣವನ್ನು ಬಹುಪಾಲು ತಡೆಯುತ್ತದೆ. ಮೇಲಾಗಿ ಗಾಜಿನಲ್ಲಿ ಕಾಣುವ ತನ್ನ ಬಿಂಬವನ್ನೇ ಎದುರಾಳಿ ಎಂದು ಬಗೆದು ಗೋಸುಂಬೆ ಕಳವಳಗೊಳ್ಳುತ್ತದೆ. ಗಾಳಿಯಾಡದ ಕಡೆ ಅದಕ್ಕೆ ಉಸಿರಾಟದ ರೋಗ ಬರುತ್ತದೆ.

ಬಣ್ಣದ ಮಾತೂ ಅಷ್ಟೇ. ಹಿನ್ನೆಲೆಗೆ ತಕ್ಕಂತೆ ಬಣ್ಣ ಬದಲಿಸುವುದೊಂದೇ ಅದರ ಉದ್ದೇಶವಲ್ಲ. ಮುಂಜಾನೆಯ ಚಳಿಯಲ್ಲಿ ಮೈ ಕಪ್ಪಾಗಿಸಿ ಶಾಖ ಹೀರುತ್ತದೆ, ಸುಡುಬಿಸಿಲಿನಲ್ಲಿ ಮೈ ತಿಳಿಯಾಗಿಸಿ ನೆರಳಿಗೆ ಸರಿಯುತ್ತದೆ. ರಾಯಚೂರಿನ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆಯಲ್ಲವೇ? ಮರದಲ್ಲಿದ್ದರೆ ಗೋಸುಂಬೆ ತನಗೆ ಬೇಕಾದ ನೆರಳನ್ನು ತಾನೇ ಹುಡುಕಿಕೊಂಡೀತು. ಪೆಟ್ಟಿಗೆಯಲ್ಲಿ ಎಲ್ಲಿಗೆ ಹೋದೀತು?

ಆದ್ದರಿಂದಲೇ ಹೊರದೇಶಗಳಲ್ಲಿ ಯೆಮನ್, ಮಡಗಾಸ್ಕರ್ ಮೂಲದ ಗೋಸುಂಬೆಗಳನ್ನು ಸಾಕುವ ತಿಳಿವಳಿಕಸ್ಥರು ಗಾಜಿನ ಪೆಟ್ಟಿಗೆ ಬಿಟ್ಟು ಜಾಲರಿಯ ಗೂಡಿಗೆ ಬಂದರು. ಅದರೊಳಗೆ ಜೀವಂತ ಗಿಡ ಬೆಳೆಸಿ, ದಿನವೂ ಎಲೆಗಳಿಗೆ ನೀರು ಸಿಂಪಡಿಸುತ್ತಾರೆ. ಕೆಲವರು ಗೋಡೆಯನ್ನೇ ತೆಗೆದು, ಕುಂಡದ ಗಿಡಗಳ ಮೇಲೆ ಅದನ್ನು ಬಿಟ್ಟಿರುತ್ತಾರೆ. ಅಂದರೆ ಹಣ ಸುರಿದು, ಕೊನೆಗೆ ಒಂದು ಮರವನ್ನೇ ಕಟ್ಟಲು ಹೊರಟಂತಾಯಿತು!

ಆ ಮರ ನಮ್ಮಲ್ಲಿ ಆಗಲೇ ಇದೆ. ಮನೆಯ ಹಿತ್ತಿಲಲ್ಲಿ, ಶಾಲೆಯ ಆವರಣದಲ್ಲಿ ಬೇವು, ಕರಿಬೇವು, ದಾಸವಾಳ, ದಾಳಿಂಬೆ ಒತ್ತೊತ್ತಾಗಿ ಬೆಳೆಸಿ. ಕೊಂಬೆಗೆ ಕೊಂಬೆ ತಾಗಲಿ. ಬೇಸಿಗೆಯಲ್ಲಿ ಬೆಳಿಗ್ಗೆ ಎಲೆಗಳ ಮೇಲೆ ನೀರು ಚಿಮುಕಿಸಿ. ನೆಲವೆಲ್ಲ ಸಿಮೆಂಟು ಮಾಡಬೇಡಿ. ಹೆಣ್ಣು ಗೋಸುಂಬೆ ಮೊಟ್ಟೆಯಿಡಲು ಕೆಳಗಿಳಿದು ಮಣ್ಣು ತೋಡಬೇಕು. ಗಿಡಗಳಿಗೆ ಕೀಟನಾಶಕ ಹೊಡೆಯಬೇಡಿ. ವಿಷ ತಗುಲಿದ ಹುಳು ಗೋಸುಂಬೆಗೂ ವಿಷವೇ. ದೇವದುರ್ಗ, ಮಾನ್ವಿಯ ಹತ್ತಿ ಹೊಲಗಳ ಬದುವಿನಲ್ಲಿ ಒಂದೆರಡು ಮರ, ಒಂದಿಷ್ಟು ಪೊದೆ ಉಳಿಸಿರೆಂದು ಮನೆಯ ಹಿರಿಯರಿಗೆ ಹೇಳಿ.

ಇನ್ನೊಂದು ಮಾತು. ಗೋಸುಂಬೆ ವಿಷದ ಪ್ರಾಣಿ, ಕಂಡರೆ ಅಪಶಕುನ ಎಂದು ಕಲ್ಲು ಹೊಡೆಯುವವರಿದ್ದಾರೆ. ಅದಕ್ಕೆ ವಿಷವಿಲ್ಲ. ಬುಸುಗುಟ್ಟಿ ಮೈ ಉಬ್ಬಿಸುವುದು ಹೆದರಿಕೆಯಿಂದ ಮಾತ್ರ. ಓಡಿ ತಪ್ಪಿಸಿಕೊಳ್ಳಲಾರದ ಜೀವಿಗೆ ಮೊದಲ ಕಲ್ಲೇ ಕೊನೆಯದಾಗುತ್ತದೆ. ನಿಮ್ಮ ಗೆಳೆಯರಲ್ಲಿ ಯಾರಾದರೂ ಕಲ್ಲೆತ್ತಿದರೆ, ಆ ಕೈ ಹಿಡಿದು ನಿಲ್ಲಿಸಿ. ಆಮೇಲೆ ಇಬ್ಬರೂ ದೂರದಲ್ಲಿ ಕುಳಿತು, ಆ ಕಣ್ಣುಗಳು ತಿರುಗುವುದನ್ನು ನೋಡಿ. ನೋಟ್‌ಪುಸ್ತಕದಲ್ಲಿ ದಿನಾಂಕ, ವೇಳೆ, ಬಣ್ಣ ಬರೆದಿಡಿ. ಪಂಜರವಿಲ್ಲದೆಯೇ ಅದು ನಿಮ್ಮದಾಗುವ ದಾರಿ ಇದೇ.