ಹತ್ತು ಗಂಟೆಯ ಸಭೆ

ಮುಂದಾಳುತನದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ನನ್ನನ್ನು ಕೇಳಿದಾಗ ಮೊದಲು ನಗು ಬಂತು. ಈ ವಿಷಯದಲ್ಲಿ ನನಗಿರುವ ದೊಡ್ಡ ಅನುಭವವೆಂದರೆ, ನಾನು ಕರೆದ ಸಭೆಗೆ ಐದೇ ಜನ ಬಂದದ್ದು. ಆ ಐವರಲ್ಲಿ ನಾಲ್ವರು ಅಜ್ಜಿಯರು. ಐದನೆಯವಳು ಮೂರು ತಿಂಗಳ ಕೂಸಿನ ತಾಯಿ. ಆದರೂ ಒಪ್ಪಿಕೊಂಡೆ. ಗೆದ್ದವರ ಭಾಷಣಗಳನ್ನು ನೀವು ಬೇಕಾದಷ್ಟು ಕೇಳಿದ್ದೀರಿ. ಸೋತವರ ಮಾತೂ ಒಂದು ಸಂಜೆ ಕಿವಿಗೆ ಬೀಳಲಿ.

ನಮ್ಮದು ಕುರುಗೋಡು. ದೊಡ್ಡ ಬಸವೇಶ್ವರನ ಗುಡಿಯಲ್ಲಿ ಆ ಮಹಾ ಬಸವಣ್ಣನನ್ನು ನೋಡಿ ಬಂದವರಿಗೆ ನಮ್ಮೂರಿನ ಪರಿಚಯವನ್ನು ಬೇರೆ ಹೇಳಬೇಕಾಗಿಲ್ಲ. ನಾನು ದಿನವೂ ಅಲ್ಲಿಂದ ಬಸ್ಸಿನಲ್ಲಿ ಬಳ್ಳಾರಿಗೆ ಬಂದು ಓದುವವಳು, ಈಗ ಬಿ.ಎ. ಕೊನೆಯ ವರ್ಷ. ಕಳೆದ ವರ್ಷ ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ಹುಡುಗಿಯರ ತಂಡಕ್ಕೆ ನನ್ನನ್ನು ನಾಯಕಿಯನ್ನಾಗಿ ಮಾಡಿದರು. ನನ್ನ ಧ್ವನಿ ದೊಡ್ಡದು. ಬೇರೆ ಕಾರಣವೇನಾದರೂ ಇದ್ದರೆ ಅದು ನನಗೆ ಇಂದಿಗೂ ತಿಳಿದಿಲ್ಲ.

ಈ ಸೇವಾ ಯೋಜನೆಗೂ ನಮ್ಮ ಬಳ್ಳಾರಿಗೂ ಒಂದು ನಂಟು ಉಂಟು. ಅದು ಬಹಳ ಜನಕ್ಕೆ ಮರೆತುಹೋಗಿದೆ. ವಿದ್ಯಾರ್ಥಿಗಳು ಓದಿನ ಜೊತೆಗೆ ಸಮಾಜದ ಕೆಲಸವನ್ನೂ ಮಾಡಬೇಕೆಂಬ ಸೂಚನೆ ಡಾಕ್ಟರ್ ರಾಧಾಕೃಷ್ಣನ್ನರ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗದ ಕಾಲದಿಂದಲೂ, ಎಂದರೆ 1948–49ರಿಂದಲೂ ಇತ್ತು. ಮಾತು ಕಾರ್ಯಕ್ಕೆ ಬರಲು ಇಪ್ಪತ್ತು ವರ್ಷ ಹಿಡಿಯಿತು. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ, ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ ಈ ಯೋಜನೆ ಆರಂಭವಾಯಿತು. ಅದನ್ನು ಆರಂಭಿಸಿದ ಅಂದಿನ ಕೇಂದ್ರ ಶಿಕ್ಷಣ ಸಚಿವರು ಡಾಕ್ಟರ್ ವಿ.ಕೆ.ಆರ್.ವಿ. ರಾವ್. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸನ್ನು ಕಟ್ಟಿದ ಆ ದೊಡ್ಡ ಅರ್ಥಶಾಸ್ತ್ರಜ್ಞರು 1967ರಲ್ಲಿ ಲೋಕಸಭೆಗೆ ಆರಿಸಿ ಹೋದದ್ದು ನಮ್ಮ ಬಳ್ಳಾರಿ ಕ್ಷೇತ್ರದಿಂದಲೇ. ಹಾಗಾಗಿ ಈ ಕೆಲಸ ನಮ್ಮ ಮನೆಯದೇ ಎಂದು ನಾವು ಸ್ವಲ್ಪ ಜಂಬ ಪಟ್ಟರೆ ತಪ್ಪಿಲ್ಲ.

ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಕ್ಕೆ 240 ಗಂಟೆಯ ಸೇವೆ. ಅದರ ಜೊತೆಗೆ ಒಂದು ಹಳ್ಳಿಯಲ್ಲಿ ಏಳು ದಿನದ ಶಿಬಿರ. ಎದೆಯ ಮೇಲೆ ಕೋನಾರ್ಕದ ರಥಚಕ್ರದ ಬಿಲ್ಲೆ. ‘ನಾನಲ್ಲ, ನೀನು’ ಎಂಬುದು ಯೋಜನೆಯ ಧ್ಯೇಯವಾಕ್ಯದ ಅರ್ಥ. ಬಿಲ್ಲೆಯನ್ನು ಸರಿಯಾಗಿ ಕಾಣುವಂತೆ ಚುಚ್ಚಿಕೊಳ್ಳುವುದರಲ್ಲಿ ನಾನು ತೋರಿದ ಶ್ರದ್ಧೆಯನ್ನು ಈ ಮಾತಿನ ಮೇಲೆ ತೋರಲಿಲ್ಲವೆಂದು ಈಗ ಒಪ್ಪಿಕೊಳ್ಳುತ್ತೇನೆ.

ಶಿಬಿರಕ್ಕೆ ಮೊದಲು ಎರಡು ದಿನ ನಮಗೆ ನಾಯಕತ್ವದ ತರಬೇತಿ ನಡೆಯಿತು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಗೆಳತಿಯ ಮಾತನ್ನೇ ನಂಬಿ ನಡೆಯುವ ಆಟ, ಹಳೆಯ ವೃತ್ತಪತ್ರಿಕೆಯಿಂದ ಗೋಪುರ ಕಟ್ಟುವ ಆಟ, ಇವೆಲ್ಲ ಇದ್ದವು. ಗುರಿ ಇಟ್ಟುಕೊಳ್ಳಿ, ಕೆಲಸ ಹಂಚಿರಿ, ಹೊತ್ತು ತಪ್ಪಬೇಡಿ, ಧೈರ್ಯವಾಗಿ ಮಾತನಾಡಿ ಎಂದು ಹೇಳಿಕೊಟ್ಟರು. ಒಳ್ಳೆಯ ಮಾತುಗಳೇ. ಧೈರ್ಯವಾಗಿ ಮಾತನಾಡುವುದಂತೂ ನಮ್ಮ ಬಳ್ಳಾರಿಯ ಗಾಳಿಯಲ್ಲೇ ಇದೆ. ವಕೀಲಿ ಮಾಡುತ್ತಲೇ ರಂಗಭೂಮಿಯನ್ನು ಆಳಿದ ಬಳ್ಳಾರಿ ರಾಘವರ ಊರಲ್ಲವೇ ಇದು! ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಬೇಕೆಂದು ಆ ಕಾಲದಲ್ಲೇ ಹಟ ಹಿಡಿದವರು ಅವರು. ನಾನು ವೇದಿಕೆ ಹತ್ತಿ ಐದು ನಿಮಿಷ ಮಾತನಾಡಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಇನ್ನು ಕಲಿಯುವುದು ಏನೂ ಉಳಿದಿಲ್ಲವೆಂದುಕೊಂಡು ಮನೆಗೆ ಹೋದೆ.

ಶಿಬಿರ ನಡೆದದ್ದು ಸಿರುಗುಪ್ಪ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಫೆಬ್ರವರಿ ತಿಂಗಳು. ಸಿರುಗುಪ್ಪ ಎಂದೊಡನೆ ನಿಮಗೆ ತುಂಗಭದ್ರೆಯ ನೀರು, ಬತ್ತದ ಗದ್ದೆ, ಅಕ್ಕಿ ಗಿರಣಿ ನೆನಪಾಗುತ್ತವೆ. ನಾವು ಹೋದ ಕಡೆ ಕಪ್ಪು ನೆಲದಲ್ಲಿ ಮೆಣಸಿನಕಾಯಿ ಹಣ್ಣಾಗಿ ನಿಂತಿತ್ತು. ಹಳ್ಳಿಯ ಹೆಂಗಸರಿಗೆ ರಕ್ತಪರೀಕ್ಷೆ ಮಾಡಿಸಿ, ರಕ್ತ ಕಡಿಮೆಯಿದ್ದವರಿಗೆ ಕಬ್ಬಿಣಾಂಶದ ಮಾತ್ರೆ ಕೊಡಿಸುವುದು ನನ್ನ ತಂಡದ ಪಾಲಿಗೆ ಬಂದ ಕೆಲಸ. ಆರೋಗ್ಯ ಕೇಂದ್ರದ ನರ್ಸಮ್ಮನವರನ್ನು ಒಪ್ಪಿಸಿದ್ದೆ. ಶಾಲೆಯ ಪಡಸಾಲೆಯಲ್ಲಿ ಜಮಖಾನ ಹಾಸಿದ್ದೆ. ‘ನಾಳೆ ಸರಿಯಾಗಿ ಹತ್ತು ಗಂಟೆಗೆ’ ಎಂದು ಹಿಂದಿನ ಸಂಜೆಯೇ ಡಂಗುರ ಹೊಡೆಸಿದ್ದೆ. ಕೆಲಸ ಹಂಚಿ ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದೆ. ಕಲಿತ ಪಾಠದಲ್ಲಿ ಒಂದಕ್ಷರ ಬಿಟ್ಟಿರಲಿಲ್ಲ.

ಹತ್ತು ಗಂಟೆಗೆ ಬಂದವರ ಲೆಕ್ಕವನ್ನು ಮೊದಲೇ ಹೇಳಿದ್ದೇನೆ. ಹನ್ನೆರಡರವರೆಗೆ ಕಾದು ನರ್ಸಮ್ಮ ತಮ್ಮ ಡಬ್ಬಿ ಮುಚ್ಚಿಕೊಂಡು ಹೊರಟರು. ಪಾಪ, ಅವರು ಒಂದು ಮಾತೂ ಆಡಲಿಲ್ಲ, ಆಡಿದ್ದರೆ ವಾಸಿಯಿತ್ತು. ನನ್ನ ಗೆಳತಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ರಾತ್ರಿ ಶಿಬಿರದ ದಿನಚರಿಯಲ್ಲಿ ನಾನು ಬರೆದದ್ದು: ‘ಇಲ್ಲಿಯ ಜನಕ್ಕೆ ತಮ್ಮ ಆರೋಗ್ಯದ ಬಗ್ಗೆ ಕಾಳಜಿ ಇಲ್ಲ.’ ಆ ಪುಟ ಇನ್ನೂ ನನ್ನ ಬಳಿ ಇದೆ. ಹರಿಯಬೇಕೆಂದು ಎಷ್ಟೋ ಸಲ ಅನ್ನಿಸಿದೆ, ಹರಿದಿಲ್ಲ.

ಮರುದಿನ ಮುಸ್ಸಂಜೆ ಶಾಲೆಯ ಮುಂದೆ ಒಂದು ಗೂಡ್ಸ್ ಆಟೋ ನಿಂತಿತು. ಅದರಿಂದ ಹದಿನೈದು–ಇಪ್ಪತ್ತು ಹೆಂಗಸರು ಇಳಿದರು. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ಮೂಗುಬಾಯಿಗೆ ಬಟ್ಟೆ, ಕೈಯಲ್ಲಿ ಬುತ್ತಿಯ ಡಬ್ಬಿ. ಮೆಣಸಿನಕಾಯಿ ಬಿಡಿಸಿ ಬಂದವರು. ಅವರಲ್ಲಿ ಐವತ್ತರ ಆಸುಪಾಸಿನ ಒಬ್ಬಾಕೆ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದಾಗ ನಾನು ಸ್ವಲ್ಪ ಬಿರುಸಾಗಿಯೇ ಕೇಳಿದೆ:

“ನಿನ್ನೆ ಸಭೆಗೆ ಯಾಕೆ ಬರಲಿಲ್ಲ, ದೊಡ್ಡಮ್ಮ?”

“ಎಷ್ಟೊತ್ತಿಗಿತ್ತು ತಾಯಿ?”

“ಹತ್ತು ಗಂಟೆಗೆ.”

ಆಕೆ ಬಟ್ಟೆ ಕೊಡವುತ್ತ ನಕ್ಕಳು. “ಹತ್ತು ಗಂಟೆಗೆ ಊರಾಗ ಯಾರಿರ್ತಾರವ್ವ? ನಾವು ಆರಕ್ಕೇ ಗಾಡಿ ಹತ್ತೀವಿ. ಒಂದು ಮಾತು ಕೇಳಿದ್ದಿದ್ರ ಹೇಳ್ತಿದ್ವಿ.”

ನಾನು ಸುಮ್ಮನೆ ನಿಂತೆ. ನರ್ಸಮ್ಮನನ್ನು ಕೇಳಿದ್ದೆ, ಶಾಲೆಯ ಮೇಷ್ಟ್ರನ್ನು ಕೇಳಿದ್ದೆ, ನಮ್ಮ ಅಧ್ಯಾಪಕರನ್ನು ಕೇಳಿದ್ದೆ. ಯಾರಿಗಾಗಿ ಸಭೆಯೋ ಅವರನ್ನು ಮಾತ್ರ ಕೇಳಿರಲಿಲ್ಲ.

ಮಾರನೆಯ ಬೆಳಿಗ್ಗೆ ಅಧ್ಯಾಪಕರ ಅಪ್ಪಣೆ ಪಡೆದು ನಾನೂ ಇಬ್ಬರು ಗೆಳತಿಯರೂ ಅದೇ ಗಾಡಿ ಹತ್ತಿದೆವು. ಕಾಯಿ ಬಿಡಿಸಲು ನಮಗೇನು ಬರುತ್ತದೆ! ಗಂಟೆಯೊಳಗೆ ಬೆರಳು ಉರಿಯತೊಡಗಿತು. ಕಣ್ಣು ಉಜ್ಜಿಕೊಂಡ ಗೆಳತಿಯ ಪಾಡಂತೂ ಹೇಳುವಂತಿಲ್ಲ. ಆದರೆ ಆ ದೊಡ್ಡಮ್ಮ ಗುಂಪನ್ನು ನಡೆಸುವ ರೀತಿಯನ್ನು ಆ ದಿನ ಕಣ್ಣಾರೆ ಕಂಡೆ. ಗುಂಪು ಕಟ್ಟುವವಳು ಅವಳೇ, ಹೊಲದ ಯಜಮಾನನ ಬಳಿ ಕೂಲಿ ಮಾತಾಡುವವಳೂ ಅವಳೇ. ಸಾಲು ಹಂಚುವಾಗ ಅವಳು ತುದಿಯ ಸಾಲನ್ನು ಹಿಡಿಯಲಿಲ್ಲ, ನಡುವಿನದನ್ನು ಹಿಡಿದಳು. ಅಲ್ಲಿಂದ ಎರಡೂ ಕಡೆ ಕಣ್ಣಾಡುತ್ತದೆ. ಕೈ ನಿಧಾನವಾದ ಒಬ್ಬ ಮುದುಕಿಯನ್ನು ಇಬ್ಬರು ಚುರುಕಿನವರ ನಡುವೆ ನಿಲ್ಲಿಸಿದ್ದಳು. ಅವರಿಬ್ಬರೂ ಮಾತಾಡುತ್ತಲೇ ಮುದುಕಿಯ ಸಾಲಿನಿಂದಲೂ ನಾಲ್ಕು ಗಿಡ ಬಿಡಿಸಿ ಮುಂದೆ ಸಾಗುತ್ತಿದ್ದರು. ಯಾರೂ ಹಿಂದುಳಿದಂತೆ ಕಾಣಲಿಲ್ಲ. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟಂತೆಯೂ ಇರಲಿಲ್ಲ. ವೃತ್ತಪತ್ರಿಕೆಯ ಗೋಪುರ ನನಗೆ ನೆನಪಾಯಿತು. ನಮ್ಮ ಗೋಪುರ ಮೊದಲು ಬೀಳದಿರಲೆಂದು ಪಕ್ಕದ ತಂಡದ ಕಾಗದವನ್ನು ನಾವು ಮುಚ್ಚಿಟ್ಟುಕೊಂಡಿದ್ದೆವು.

ಬುತ್ತಿ ಬಿಚ್ಚುವ ಹೊತ್ತಿಗೆ ಇನ್ನೊಂದು ಸಂಗತಿ ಹೊರಬಂತು. ಕಬ್ಬಿಣದ ಮಾತ್ರೆ ಅವರಿಗೆ ಹೊಸದಲ್ಲ. ಹಿಂದೆ ಸಿಕ್ಕಿದ್ದವು, ಎಷ್ಟೋ ಜನ ಎಸೆದಿದ್ದರು. ನುಂಗಿದರೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ, ಒಳಗೆ ಏನೋ ಕೆಟ್ಟಿತೆಂದು ಭಯ. ಗಂಡಸರ ಮುಂದೆ, ಶಾಲೆಯ ಪಡಸಾಲೆಯಲ್ಲಿ, ಈ ಮಾತನ್ನು ಯಾರು ಆಡುತ್ತಾರೆ? ನನ್ನ ಭಾಷಣದಲ್ಲಿ ‘ರಕ್ತಹೀನತೆಯ ದುಷ್ಪರಿಣಾಮಗಳು’ ಎಂದು ಏಳು ಅಂಶಗಳಿದ್ದವು. ಎಸೆದ ಮಾತ್ರೆಗೆ ಅದರಲ್ಲಿ ಒಂದೂ ಉತ್ತರವಿರಲಿಲ್ಲ.

ನರ್ಸಮ್ಮನವರ ಕೈಕಾಲು ಹಿಡಿದು ಐದನೆಯ ದಿನ ಸಂಜೆ ಏಳಕ್ಕೆ ಬರುವಂತೆ ಬೇಡಿಕೊಂಡೆವು. ಸಭೆಯನ್ನು ದೊಡ್ಡಮ್ಮನ ಮನೆಯ ಕಟ್ಟೆಯ ಮೇಲೆ ಇಟ್ಟುಕೊಂಡೆವು. ಡಂಗುರವಿಲ್ಲ, ಗಾಡಿಯಲ್ಲಿ ಬಾಯಿಂದ ಬಾಯಿಗೆ ಸುದ್ದಿ ಹೋಗಿತ್ತು. ನಲವತ್ತಕ್ಕೂ ಹೆಚ್ಚು ಹೆಂಗಸರು ಬಂದರು. ಮಲ ಕಪ್ಪಾಗುವುದು ಮಾತ್ರೆಯ ಗುಣ, ಹೆದರಬೇಕಾಗಿಲ್ಲ. ತೊಳಸಿದರೆ ರಾತ್ರಿ ಊಟವಾದ ಮೇಲೆ ನುಂಗಿ. ಚಹದ ಜೊತೆ ಬೇಡ, ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ. ನಿಂಬೆಹಣ್ಣಿನ ರಸ ಒಳ್ಳೆಯದು ಎಂದು ನರ್ಸಮ್ಮ ಹೇಳಿದರು. ಹಿಮೋಗ್ಲೋಬಿನ್ 12 ಗ್ರಾಂ ಇರಬೇಕಾದ ಕಡೆ ಎಂಟು, ಒಂಬತ್ತು ಇದ್ದವರೇ ಹಲವರು. ಅವರ ಮಾತನ್ನು ದೊಡ್ಡಮ್ಮ ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ತಿರುಗಿಸಿ ಹೇಳುತ್ತಿದ್ದಳು. 1953ರಲ್ಲಿ ನಮ್ಮ ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂತು, ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಗೆರೆ ಎಳೆದದ್ದು ನೆಲದ ಮೇಲೆ. ಸಿರುಗುಪ್ಪದ ಕಟ್ಟೆಗಳ ಮೇಲೆ ಎರಡು ನುಡಿಗಳೂ ಇಂದಿಗೂ ಪಕ್ಕಪಕ್ಕ ಕೂರುತ್ತವೆ. ಆ ಸಂಜೆ ನಾನು ಮಾಡಿದ ಕೆಲಸವೆಂದರೆ ಬಂದವರ ಹೆಸರು ಬರೆದುಕೊಂಡದ್ದು ಮತ್ತು ದೀಪ ಹಿಡಿದದ್ದು.

ಇಲ್ಲಿಗೆ ನಿಲ್ಲಿಸಿದ್ದರೆ ಭಾಷಣ ಚೆಂದವಾಗಿ ಮುಗಿಯುತ್ತಿತ್ತು. ಆದರೆ ಕಲಿತದ್ದು ನಿಜವೋ ಸುಳ್ಳೋ ಎಂಬುದು ಗೊತ್ತಾಗುವುದು ಶಿಬಿರದಲ್ಲಲ್ಲ, ಮನೆಯಲ್ಲಿ.

ಆ ಬೇಸಿಗೆಯಲ್ಲಿ ನನ್ನ ತಂಗಿ ಹತ್ತನೆಯ ತರಗತಿ ಮುಗಿಸಿದಳು. ಮುಂದಕ್ಕೆ ಬಳ್ಳಾರಿಗೆ ಕಳಿಸುವುದಿಲ್ಲವೆಂದು ಅಪ್ಪ ಹೇಳಿಬಿಟ್ಟರು. ಹಿಂದಿನ ನಾನಾಗಿದ್ದರೆ ಧ್ವನಿ ಏರಿಸಿ, ಹೆಣ್ಣುಮಕ್ಕಳ ವಿದ್ಯೆಯ ಮೇಲೆ ಒಂದು ಭಾಷಣ ಬಿಗಿದು, ಅಪ್ಪ ಎದ್ದು ಹೊಲಕ್ಕೆ ಹೋಗುವಂತೆ ಮಾಡುತ್ತಿದ್ದೆ. ಈ ಸಲ ಕೇಳಿದೆ: “ಅಪ್ಪಾ, ನಿನಗೆ ಯಾವುದರ ಚಿಂತೆ?” ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ ರಾತ್ರಿ ಊಟಕ್ಕೆ ಕೂತಾಗ ತಾವಾಗಿಯೇ ಹೇಳಿದರು. ದುಡ್ಡಿನ ಚಿಂತೆಯಲ್ಲ, 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ಖರ್ಚಿಲ್ಲ. ಮದುವೆಯ ಅವಸರವೂ ಅಲ್ಲ. ಸಂಜೆಯ ಬಸ್ಸು ಊರು ಮುಟ್ಟುವಾಗ ಚಳಿಗಾಲದಲ್ಲಿ ಕತ್ತಲೆಯಾಗಿರುತ್ತದೆ. ಬಸ್ ನಿಲ್ದಾಣದಿಂದ ನಮ್ಮ ಓಣಿಯವರೆಗೆ ದೀಪವಿಲ್ಲದ ಒಂದು ತುಂಡು ದಾರಿ ಇದೆ. “ನೀನು ಬರೋತನಕ ನಾನು ದಿನಾ ಬಾಗಿಲಲ್ಲಿ ನಿಂತಿರ್ತೀನಿ. ಇಬ್ಬರಿಗೂ ನಿಲ್ಲೋ ಶಕ್ತಿ ನನಗಿಲ್ಲ ಮಗಳೇ,” ಎಂದರು. ಎರಡು ವರ್ಷದಿಂದ ಅವರು ಬಾಗಿಲಲ್ಲಿ ನಿಲ್ಲುತ್ತಿದ್ದುದನ್ನು ನಾನು ನೋಡಿದ್ದೆ. ಗಾಳಿಗೆ ನಿಲ್ಲುತ್ತಾರೆಂದುಕೊಂಡಿದ್ದೆ.

ಅದೇ ಬಸ್ಸಿನಲ್ಲಿ ಬರುವ ಬೇರೆ ಹುಡುಗಿಯರ ಮನೆಗಳಿಗೆ ಹೋಗಿ ಕೇಳಿದೆ. ಅಲ್ಲಿಯೂ ಇದೇ ಬಾಗಿಲು, ಇದೇ ನಿಲ್ಲುವಿಕೆ. ಎಲ್ಲರೂ ಒಟ್ಟಾಗಿ ನಡೆದು ಬರುವುದು, ವಾರಕ್ಕೊಬ್ಬರಂತೆ ಒಂದೊಂದು ಮನೆಯ ಹಿರಿಯರು ಬ್ಯಾಟರಿ ಹಿಡಿದು ನಿಲ್ದಾಣಕ್ಕೆ ಬರುವುದು ಎಂದು ಗೊತ್ತಾಯಿತು. ಅಪ್ಪ ಒಪ್ಪಿದರು. ನಾನು ಗೆದ್ದ ಸಂಭ್ರಮದಲ್ಲಿ ತಂಗಿಯ ಬಳಿ ಓಡಿ, “ಪಿ.ಯು.ಸಿ. ವಿಜ್ಞಾನಕ್ಕೆ ನಾಳೆಯೇ ಅರ್ಜಿ ತರೋಣ” ಎಂದೆ.

ಅವಳು ತಲೆ ಎತ್ತಲಿಲ್ಲ. “ನನ್ನನ್ನ ಯಾರು ಕೇಳಿದ್ರಕ್ಕ?” ಎಂದಳು.

ಹತ್ತು ಗಂಟೆಯ ಸಭೆ ಮತ್ತೊಮ್ಮೆ ಕಣ್ಣಮುಂದೆ ಬಂತು. ಮೂರು ಮನೆಯ ಅಪ್ಪಂದಿರನ್ನು ಕೇಳಿದ ಜಾಣೆ, ಓದಬೇಕಾದವಳನ್ನು ಕೇಳಿರಲಿಲ್ಲ. ಅವಳಿಗೆ ಬೇಕಾದದ್ದು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ. ಹೊಲದ ಮೋಟಾರು ಸುಟ್ಟಾಗಲೆಲ್ಲ ನಮ್ಮ ಸೋದರಮಾವನ ಪಕ್ಕ ಕೂತು ತಂತಿ ಸುತ್ತುವುದನ್ನು ನೋಡುತ್ತಿದ್ದಳು. ಅದನ್ನು ನಾವು ಹುಡುಗಾಟವೆಂದಿದ್ದೆವು. ನಿನ್ನ ಪರವಾಗಿ ನಾನೇ ಅಪ್ಪನ ಹತ್ತಿರ ಮಾತಾಡುತ್ತೇನೆ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅವಳೇ ಮಾತಾಡಿದಳು. ನಡುನಡುವೆ ತಡವರಿಸಿದಳು, ಸರಿಯಾದ ಪದ ನನ್ನ ನಾಲಗೆಯ ತುದಿಯಲ್ಲಿ ಕುಣಿಯುತ್ತಿತ್ತು. ಅಷ್ಟು ಹೊತ್ತು ಸುಮ್ಮನೆ ಕೂತದ್ದು ಇಡೀ ವರ್ಷದಲ್ಲಿ ನಾನು ಮಾಡಿದ ಅತಿ ಕಷ್ಟದ ಕೆಲಸ. ಅಪ್ಪ ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: “ಕರೆಂಟು ಹೊಡೆಯಂಗಿಲ್ಲೇನು?” “ಅದನ್ನ ಕಲಿಯಾಕೇ ಹೋಗ್ತೀನಪ್ಪ,” ಎಂದಳು.

ಈಗ ಅವಳು ಎರಡನೆಯ ಸೆಮಿಸ್ಟರಿನಲ್ಲಿದ್ದಾಳೆ. ಸಂಜೆ ಬಳ್ಳಾರಿಯ ಬಸ್ಸಿನಿಂದ ಇಳಿಯುವ ನಮ್ಮ ಗುಂಪು ಈಗ ಐದು ಜನರದು. ಬ್ಯಾಟರಿ ಅವಳ ಕೈಯಲ್ಲಿರುತ್ತದೆ. ಇಳಿದ ಮೇಲೆ ಎಲ್ಲರೂ ಬಂದರೇ ಎಂದು ಎಣಿಸುವವಳೂ ಅವಳೇ. ಹಾಗೆ ಎಣಿಸುವಾಗ ನಾನು ಮೂರನೆಯವಳು.